ಜಾರಿದ ಕೆಂಪು

ಎಲ್ಲಿಂದ ಶುರು ಮಾಡಲಿ? ಚಿತ್ರಗಾರರ ಕೈಯಿಂದಲೋ, ಮೊಮ್ಮಗಳ ಕಣ್ಣೀರಿನಿಂದಲೋ? ಕಣ್ಣೀರೆಂದರೆ ನೀವು ಪುಟ ಮಗುಚುತ್ತೀರಿ. ಕೈಯೇ ಇರಲಿ. ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.

೧
ವಾರಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ ಆ ಮಹಾನುಭಾವರು ಕುಂಚ ಎತ್ತಿದರೆ ಸೂರ್ಯ ಮುಳುಗುವುದನ್ನೇ ಮರೆತು ನಿಲ್ಲುತ್ತಿದ್ದ. ಅವರು ಬರೆದ ಬೆಕ್ಕನ್ನು ಕಂಡು ನಮ್ಮ ಮನೆಯ ಇಲಿಗಳು ಗಂಟುಮೂಟೆ ಕಟ್ಟಿದವು.

"ಅಜ್ಜಿ, ಸುಳ್ಳು."

ಕಥೆಯೊಳಗಿನವಳು ಕಥೆ ಹೇಳುವವಳಿಗೇ ಅಡ್ಡಬಾಯಿ ಹಾಕುವ ಕಾಲ ಇದು. ಆ ಹಾಳೆ ಹರಿದುಹಾಕಿಸಿದೆ. (ಇಲಿಗಳ ಮಾತು ಮಾತ್ರ ನಿಜ.)

ಮತ್ತೆ ೧
ಮೊಮ್ಮಗಳು ಚಿತ್ರಕಲೆ ಓದುವವಳು. ಹಳೆಯ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಅವರ ಗೆರೆಯ ಬೆನ್ನು ಹತ್ತಿದ್ದಳು. ಆ ಗೆರೆಯೋ! ಒಂದೇ ಎಳೆತದಲ್ಲಿ ಒಬ್ಬ ಹೆಂಗಸಿನ ಬೆನ್ನು ಬರೆದರೆ, ಅವಳು ಯಾರ ಮೇಲೆ ಮುನಿಸಿಕೊಂಡಿದ್ದಾಳೆಂದು ಅಕ್ಷರ ಕೂಡಿಸಿ ಓದುವ ನನಗೂ ತಿಳಿಯುತ್ತಿತ್ತು. ತನ್ನ ಚಿತ್ರಗಳನ್ನು ಅವರಿಗೇ ತೋರಿಸಬೇಕು, ಅವರು ಬೇಡವೆಂದರೆ ಇನ್ನು ಕುಂಚ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಹಟದಲ್ಲಿ ಅವಳು ಥೇಟ್ ನಾನೇ.

೩ (ಎರಡರಲ್ಲಿ ಬರೀ ಬಸ್ಸು, ನೂಕುನುಗ್ಗಲು. ಬಿಟ್ಟಿದ್ದೇನೆ.)
ಚಿತ್ರಗಾರರ ಮನೆ. ಕಿಟಕಿಯ ಪಕ್ಕ ಇಳಿಜಾರು ಮೇಜು. ಮಸಿಯ ಸೀಸೆ ಉರುಳದಂತೆ ಒಂದು ಲೋಟದೊಳಗೆ ಕೂತಿತ್ತು. ಚಿತ್ರಗಾರರು ಅವಳ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಎಲ್ಲ ಹೆಂಗಸರ ತುಟಿಯ ಕೆಂಪೂ ಗೆರೆ ದಾಟಿ ಕೆನ್ನೆಯತ್ತ ಜಾರಿತ್ತು.

"ತುಟಿ ಬಣ್ಣ ಕೆನ್ನೆಗೆ ಹಚ್ಚೋದು ಯಾರು ಹೇಳ್ಕೊಟ್ರಮ್ಮಾ?"

"ನೀವೇ ಸಾರ್. ನಿಮ್ಮ ಚಿತ್ರದಲ್ಲೆಲ್ಲಾ ಹೀಗೇ ಇದೆ."

ಅವರು ಕಪಾಟಿನಿಂದ ತಮ್ಮ ಮೂಲಚಿತ್ರವೊಂದನ್ನು ತೆಗೆದಿಟ್ಟರು. ಕೆಂಪು ತುಟಿಯಲ್ಲೇ ಇತ್ತು, ಕೂದಲೆಳೆಯಷ್ಟೂ ಹೊರಗಿಲ್ಲ. ಅಚ್ಚಿನಮನೆಯಲ್ಲಿ ಕಪ್ಪು ಒಮ್ಮೆ, ಕೆಂಪು ಇನ್ನೊಮ್ಮೆ ಬೀಳುವುದಂತೆ. ಕಾಗದ ಒಂಚೂರು ಸರಿದರೂ ಬಣ್ಣ ದಾರಿ ತಪ್ಪುವುದಂತೆ. ಅದಕ್ಕಾಗಿ ಅಚ್ಚಿನವರೊಡನೆ ಅವರು ಜೀವಮಾನವಿಡೀ ಜಗಳವಾಡಿದ್ದರಂತೆ. ಯಂತ್ರದ ತಪ್ಪನ್ನು ನಮ್ಮ ಹುಡುಗಿ ಗುರುವಿನ ಗುಟ್ಟೆಂದು ಕಲಿತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. (ಬಿಟ್ಟೇಬಿಟ್ಟಿತು ಎಂದು ಹೇಳಿದ್ದೆ. ಹೊಡೆದುಹಾಕಿದಳು.)

ಕೊನೆಯ ಹಾಳೆಯಲ್ಲಿ ನಾನಿದ್ದೆ. ಕುರ್ಚಿಯಿಂದ ಏಳುತ್ತಿರುವ ಮುದುಕಿ. ಶಾಲಿನ ಕೆಂಪು ಮಾತ್ರ ನನಗಿಂತ ಮುಂಚೆ ಎದ್ದು ಹೊರಟಿತ್ತು. ಅಲ್ಲಿ ಅವರ ಕೈ ನಿಂತಿತು.

ಮುಕ್ತಾಯ, ಒಂದು: ನೀನೇ ನನ್ನ ವಾರಸುದಾರಳು ಎಂದು ಅವರು ಕೊಡಗಟ್ಟಲೆ ಕಣ್ಣೀರು ಸುರಿಸಿದರು. (ಅವರು ಹಾಗನ್ನಲೇ ಇಲ್ಲ ಎಂದು ಮೊಮ್ಮಗಳ ತಕರಾರು.)

ಇನ್ನೊಂದು: ಹಾಳೆಯ ಮುದುಕಿಗೆ ಮರುಳಾಗಿ ಮದುವೆಗೆ ಕೇಳಿ ಕಳಿಸಿದರು. ಗೋಡೆಯ ಫೋಟೋದೊಳಗಿಂದ ನಮ್ಮ ಯಜಮಾನರು ಕೆಮ್ಮಿದರು. (ಇದನ್ನು ಹೊಡೆಯಲು ನಾನು ಬಿಡುವುದಿಲ್ಲ.)

ನಡೆದದ್ದು ಇಷ್ಟು.

"ಇದು ನನ್ನದಲ್ಲ," ಎಂದರು. "ಅಚ್ಚಿನವರದ್ದೂ ಅಲ್ಲ. ಬಿಟ್ಟುಹೋಗು, ಇನ್ನೂ ನೋಡ್ಬೇಕು."

"ಹಾಗಾದ್ರೆ ಮುಂದುವರಿಸ್ಲಾ ಸಾರ್?"

"ಬರೀಲಾ ಅಂತ ನಾನು ಯಾರನ್ನೂ ಕೇಳಿರ್ಲಿಲ್ಲ ಕಣಮ್ಮಾ."

ಆಮೇಲೆ? ಚಿತ್ರ ಅವರ ಗೋಡೆ ಏರಿತೇ, ಹುಡುಗಿ ಹೆಸರು ಮಾಡಿದಳೇ? ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇದೆ. ಆದರೆ ಬರೆದುಕೊಳ್ಳಬೇಕಾದವಳು ಪೆನ್ನು ಕೆಳಗಿಟ್ಟು, ಚಿತ್ರದ ಹಲಗೆಯನ್ನು ಮೊಣಕಾಲ ಮೇಲೆಳೆದುಕೊಂಡು, ಒಂದು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಾಳೆ.

"ಅಜ್ಜಿ, ಈಗ ಬಾಯಿ ಬರೀತಿದೀನಿ. ಸುಮ್ನಿರು."