ಗೀರಿಲ್ಲದ ಬನ್ನು

"ಲವಂಗ ಜಾಸ್ತಿ ಆಯ್ತು," ಅಂದರು ಅತ್ತೆ. ಹಿಟ್ಟಿನ ಪಾತ್ರೆಯ ಮೇಲಿನ ಒದ್ದೆ ಬಟ್ಟೆಯನ್ನು ಸೊಸೆ ಇನ್ನೂ ಪೂರ್ತಿ ಸರಿಸಿಯೂ ಇರಲಿಲ್ಲ.

"ನೀವು ಹೇಳಿದಷ್ಟೇ ಹಾಕಿದ್ದು, ಅತ್ತೆ."

"ನಾನು ಹೇಳಿದಷ್ಟು ಹಾಕೋದಾದ್ರೆ ನಿನಗೆ ಮೂಗು ಯಾಕೆ ಕೊಟ್ಟ ದೇವರು?"

ಸೊಸೆ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. ದಿನವಿಡೀ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಬಂದವಳು, ನಿನ್ನೆ ಸಂಜೆ ಕೈಕಾಲು ತೊಳೆದವಳೇ ಹಿಟ್ಟು ನಾದಲು ಕೂತಿದ್ದಳು. ಈಗ ಹಿಟ್ಟು ಪಾತ್ರೆಯ ಬಾಯಿತನಕ ಉಬ್ಬಿತ್ತು. ಅವಳ ಹೆಗಲು ಮಾತ್ರ ಇನ್ನೂ ಜಗ್ಗುತ್ತಿತ್ತು. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಪ್ರಾರ್ಥನೆಗೆ ಹೊರಡಲು ಇನ್ನೂ ಎರಡು ಗಂಟೆಯಿತ್ತು.

ಹೋದ ವರ್ಷದವರೆಗೆ ಹಬ್ಬದ ಬನ್ನೆಂದರೆ ಅತ್ತೆಯ ರಾಜ್ಯ. ಸೊಸೆಗೆ ಹಿಟ್ಟು ಜರಡಿ ಹಿಡಿಯುವುದು, ಒಣದ್ರಾಕ್ಷಿಯ ತೊಟ್ಟು ಬಿಡಿಸುವುದು, ಇಷ್ಟೇ. ಈ ಸಲ ಮುದುಕಿಯ ಬಲಗೈ ನಡುಗಲು ಶುರುವಾಗಿ, ಕಾಫಿ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಸೀರೆಯ ಪಾಲಾಗುತ್ತಿತ್ತು. ಆದ್ದರಿಂದ ರಾಜ್ಯ ಸೊಸೆಗೆ ಬಂದಿತ್ತು. ರಾಣಿ ಮಾತ್ರ ಪಕ್ಕದ ಮಣೆಯ ಮೇಲೇ ಕೂತಿದ್ದರು.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಬನ್ನು, ಒಬ್ಬೊಬ್ಬರ ಹೆಸರಿಗೆ ಒಂದೊಂದು. ಒಂದೊಂದರ ಮೇಲೂ ಚಾಕುವಿನಿಂದ ಶಿಲುಬೆಯ ಗೀರು. ಗೀರಿದ ಬನ್ನು ಬದುಕಿರುವವರದು. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಆಮೇಲೆ ಬರುವ ಹಬ್ಬದಲ್ಲಿ ಅವರ ಹೆಸರಿನ ಬನ್ನನ್ನು ಗೀರದೆ ನುಣ್ಣಗೆ ಬೇಯಿಸಿ, ಬಾಗಿಲಿಗೆ ಮೊದಲು ಬಂದ ಹೊರಗಿನವರಿಗೆ ಕೊಟ್ಟುಬಿಡಬೇಕು. ಅಲ್ಲಿಗೆ ಮುಗಿಯಿತು. ಮರುವರ್ಷದಿಂದ ಅವರಿಗೆ ಬನ್ನಿಲ್ಲ. ಮಾವನ ಬನ್ನು ಚಾಕು ಸಾಣೆ ಹಿಡಿಯುವವನೊಬ್ಬನ ಪಾಲಾಗಿತ್ತು.

ಗಂಡ ಸರಕಿನ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ದೋಣಿ ಮುಳುಗಿ ಒಂದೂವರೆ ವರ್ಷ. ಇದ್ದವರು ನಾಲ್ವರು, ಮೂವರ ದೇಹ ಸಿಕ್ಕಿತು, ಅವನದು ಸಿಗಲಿಲ್ಲ. ಹೋದ ಹಬ್ಬಕ್ಕೆ ಅತ್ತೆ ಚಾಕು ಹಿಡಿದು ಒಂದೇ ಉಸಿರಿಗೆ ನಾಲ್ಕೂ ಬನ್ನು ಗೀರಿ, "ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ," ಅಂದಿದ್ದರು. ಗಂಡನ ಹೆಸರಿನ ಬನ್ನು ಕಪಾಟಿನಲ್ಲಿ ಕಲ್ಲಾಗಿ, ಆಮೇಲೆ ಬೂಷ್ಟು ಹಿಡಿದು, ಒಂದು ಬೆಳಿಗ್ಗೆ ಸೊಸೆ ಅದನ್ನು ಪೇಪರಿನಲ್ಲಿ ಸುತ್ತಿ ಕೆಲಸಕ್ಕೆ ಹೋಗುವ ದಾರಿಯ ಕಸದ ತೊಟ್ಟಿಗೆ ಹಾಕಿದ್ದಳು. ಎಲ್ಲಿ ಹೋಯಿತೆಂದು ಅತ್ತೆ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಈ ಸಲ ಗೀರುವುದಿಲ್ಲ ಎಂದು ಅವಳು ತಿಂಗಳುಗಳ ಹಿಂದೆಯೇ ತೀರ್ಮಾನಿಸಿದ್ದಳು. ಇಸ್ತ್ರಿಯ ಹಬೆಯ ನಡುವೆ, ಯಾರಿಗೂ ಕೇಳಿಸದಂತೆ, "ಅವರು ಇಲ್ಲ" ಎಂದು ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಂಡಿದ್ದಳು.

ನಾಲ್ಕು ಉಂಡೆಗಳನ್ನು ತಟ್ಟೆಗಿಟ್ಟಳು. ಅತ್ತೆ ಚಾಕುವನ್ನು ಸೆರಗಿನಿಂದ ಒರೆಸಿ ಅವಳತ್ತ ಚಾಚಿದರು. ಅದರ ತುದಿ ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿತ್ತು.

"ಗೀರು. ಆಳವಾಗಿ ಗೀರು, ಇಲ್ಲದಿದ್ರೆ ಬೆಂದಾಗ ಮುಚ್ಚಿಕೊಳ್ಳುತ್ತೆ."

ಅತ್ತೆಯದು. ಮಗಳದು. ತನ್ನದು. ಮೂರಾಯಿತು. ನಾಲ್ಕನೆಯದರ ಮೇಲೆ ಕೈ ನಿಂತಿತು. ಮುದುಕಿ ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಕುತ್ತಿಗೆಯ ನರವೊಂದು ಹೊಡೆದುಕೊಳ್ಳುತ್ತಿದ್ದುದು ಸೊಸೆಗೆ ಕಾಣಿಸಿತು. ಹಬೆಗೆ ಹೇಳಿದಷ್ಟು ಸುಲಭವಲ್ಲ ಹೆತ್ತವಳ ಮುಂದೆ ಹೇಳುವುದು. ಅವಳು ಗೀರಿಬಿಟ್ಟಳು. ಉದ್ದಕ್ಕೊಂದು, ಅಡ್ಡಕ್ಕೊಂದು.

"ಆಯ್ತು, ಅತ್ತೆ."

ಮುದುಕಿ ತಿರುಗಿದರು. ತಟ್ಟೆಯನ್ನು ಬಹಳ ಹೊತ್ತು ನೋಡಿದರು.

"ನಾಲ್ಕೂ ಗೀರಿದೆಯಾ?"

"ಹೂಂ."

"ನನಗೋಸ್ಕರನಾ?"

ಸೊಸೆ ಚಾಕುವಿಗಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ಹೋದ ವರ್ಷ ನಾನು ನಿನಗೋಸ್ಕರ ಗೀರಿದ್ದೆ," ಅಂದರು ಅತ್ತೆ. "ನೀನು ಆಗ ಊಟಕ್ಕೆ ಕೂತರೂ ಬಾಗಿಲ ಕಡೆಗೇ ನೋಡ್ತಿದ್ದೆ. ಹೇಗೆ ಬಿಡಲಿ ಹೇಳು." ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, "ನಾವಿಬ್ಬರೂ ಹೀಗೆ ಒಬ್ಬರಿಗೋಸ್ಕರ ಇನ್ನೊಬ್ಬರು ಗೀರ್ತಾ ಕೂತರೆ ಅವನಾದರೂ ಎಲ್ಲಿಗೆ ಅಂತ ಹೋಗ್ತಾನೆ, ಪಾಪ," ಅಂದರು.

ನಾಲ್ಕನೆಯ ಉಂಡೆಯನ್ನು ಎತ್ತಿಕೊಂಡು, ಗೀರನ್ನು ಒಳಕ್ಕೆ ಮಡಚಿ, ಎರಡೂ ಅಂಗೈಗಳ ನಡುವೆ ಉರುಳಿಸತೊಡಗಿದರು. ಉಂಡೆ ಎರಡು ಸಲ ಮಡಿಲಿಗೆ ಬಿತ್ತು. ಸೊಸೆ ಕೈ ಚಾಚಿದಳು.

"ಬಿಡು. ಇದೊಂದು ನಂದು."

ಬನ್ನುಗಳು ಬೇಯತೊಡಗಿದವು. ಅಡಿಗೆಮನೆಯ ತುಂಬ ಚಕ್ಕೆ, ಜಾಯಿಕಾಯಿಯ ಘಮ. ಲವಂಗ ನಿಜವಾಗಿಯೂ ಜಾಸ್ತಿಯೇ ಆಗಿತ್ತು. ತಟ್ಟೆ ಹೊರಗೆ ಬಂದಾಗ ಮೂರರ ಮೇಲೆ ಗೀರು ಬಾಯಿ ತೆರೆದಿತ್ತು. ನಾಲ್ಕನೆಯದು ದುಂಡಗೆ, ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಸೊಸೆ ಎದ್ದು ಬೀದಿಬಾಗಿಲು ತೆರೆದಿಟ್ಟಳು.

ಮೊದಲು ಬಂದವನು ಹೆಗಲ ಮೇಲೆ ಏಣಿ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದಿದ್ದ ಒಬ್ಬ ಪೇಂಟರ್. ಮೂಲೆಮನೆ ಯಾವುದು ಎಂದು ಕೇಳಿದ.

"ಹಬ್ಬದ ದಿನವೂ ಕೆಲಸವೇನಪ್ಪಾ?"

"ಗೋಡೆಗೇನು ಹಬ್ಬ ಅಕ್ಕಾ."

ಅವಳು ದಾರಿ ತೋರಿಸಿ, ಒಂದು ನಿಮಿಷ ನಿಲ್ಲು ಎಂದಳು. ಒಳಗಿಂದ ಬನ್ನನ್ನು ಕಾಗದದಲ್ಲಿಟ್ಟು ತಂದು ಎರಡೂ ಕೈಯಿಂದ ಕೊಟ್ಟಳು. ಅವನು ಏಣಿಯನ್ನು ಗೋಡೆಗೆ ಒರಗಿಸಿ, ಯಾಕೆ ಏನು ಎಂದು ಕೇಳದೆ, ನಿಂತಲ್ಲೇ ಮೂಸಿ ನೋಡಿದ.

"ಯಾರು?" ಒಳಗಿಂದ ಅತ್ತೆಯ ದನಿ.

"ಪೇಂಟರ್, ಅತ್ತೆ. ಬೇರೆ ಕಡೆಯವನು."

"ತಗೊಂಡನಾ?"

"ತಗೊಂಡ. ಇಲ್ಲೇ ತಿಂತಿದ್ದಾನೆ."

ಒಳಗೆ ಮಣೆ ಸರಿದ ಸದ್ದಾಯಿತು.

"ಒಳಗೆ ಬಿಸಿ ಇರುತ್ತೆ ಅಂತ ಹೇಳೇ," ಅಂದರು ಅತ್ತೆ. "ದ್ರಾಕ್ಷಿ ನಾಲಿಗೆ ಸುಡುತ್ತೆ. ಮೆಲ್ಲಗೆ ತಿನ್ನಲಿ."

ಸೊಸೆ ಹೇಳಿದಳು. ಅವನು ತಲೆಯಾಡಿಸಿ, ಬನ್ನನ್ನು ಎರಡಾಗಿ ಮುರಿದು, ಬಣ್ಣ ಮೆತ್ತಿದ ಬೆರಳುಗಳ ನಡುವೆ ಹಿಡಿದು ಊದತೊಡಗಿದ.