ಗುಡುಗಿಗೆ ಕಿತ್ತ ವೈರು

ಏಳು ಹಸಿರು, ಒಂದು ಕಿತ್ತಳೆ, ಅಲ್ಲ, ಈಗ ಅದೂ ಹಸಿರು, ಇಲ್ಲ ಮತ್ತೆ ಕಿತ್ತಳೆ — ಡಿಸ್ಕ್ ಪೆಟ್ಟಿಗೆಯ ಮುಖದಲ್ಲಿ ಮಿಟುಕುವ ಎಂಟು ದೀಪಗಳನ್ನು ವಾಣಿ ಬೆಳಗಿನಿಂದ ಎಷ್ಟನೆಯ ಸಲವೋ ಎಣಿಸುತ್ತಿದ್ದಳು, ಎಣಿಸಿದ ಮಾತ್ರಕ್ಕೆ ಹೆಚ್ಚಾಗುವುದಿಲ್ಲ, ಕಡಿಮೆಯಾಗದಿದ್ದರೆ ಸಾಕು, ಎಂಟೂ ಬದುಕಿವೆ, ಪೆಟ್ಟಿಗೆ ಬದುಕಿದೆ, ಆದರೂ ಮಳೆ ಏಳುತ್ತಿಲ್ಲ. ಮಳೆ ಎಂದರೆ ಆಕಾಶದ್ದಲ್ಲ, ಅದು ನಿನ್ನೆ ಭಾನುವಾರ ಮಧ್ಯಾಹ್ನವೇ ಗುಡುಗಿಕೊಂಡು ಬಂದು ಎಂಬತ್ತೆರಡು ಸೆಂಟು ಸುರಿದು ಹೋಯಿತು, ನೂರು ಸೆಂಟಿಗೆ ಒಂದು ಇಂಚು, ಕಾಫಿ ಗಿಡ ಅರಳಿಸುವ ಹೂಮಳೆ, ಆಲೂರಿನಿಂದ ಸಕಲೇಶಪುರದವರೆಗೂ ಬಸ್ಸಿನಲ್ಲಿ ಅದೇ ಮಾತು, ನಿಮ್ ಕಡೆ ಎಷ್ಟಾಯ್ತು ಮಾರಾಯ, ಅರವತ್ತು ಸೆಂಟು ಕಣೋ, ಹಾನುಬಾಳಲ್ಲಿ ಒಂದೂಕಾಲು ಇಂಚಂತೆ, ಏಪ್ರಿಲ್ ಬಂತೆಂದರೆ ಈ ಸೀಮೆಯವರು ಎದುರು ಸಿಕ್ಕವರನ್ನು ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ, ಎಷ್ಟು ಸೆಂಟು ಎಂದು ಕೇಳುತ್ತಾರೆ — ಇದು ಬೇರೆ ಮಳೆ, ಬೆಳೆಗಾರರ ಸಂಘದ ಈ ಮಹಡಿ ಕೋಣೆಯ ಮಳೆ, ಅರವತ್ತಮೂರು ಎಸ್ಟೇಟುಗಳ ಮಳೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಅವಳೇ ಎರಡು ವರ್ಷ ಕೂತು ಕಂಪ್ಯೂಟರಿಗೆ ತುಂಬಿಸಿದ್ದು, ಸಾವಿರದ ಒಂಬೈನೂರ ಮೂವತ್ತೆಂಟರಿಂದ ದಿನಕ್ಕೊಂದು ಅಂಕಿ, ಯಸಳೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರ್ ಜುಲೈ ತಿಂಗಳ ಒಂದು ದಿನ ಮೂರು ಇಂಚು ಹತ್ತು ಸೆಂಟು ಎಂದು ಬರೆದು ಅದರ ಪಕ್ಕದಲ್ಲೇ ಹೆಣ್ಣು ಮಗು, ತಾಯಿ ಕ್ಷೇಮ ಎಂದು ಬರೆದಿದ್ದ, ಅದನ್ನೂ ಬಿಡದೆ ತುಂಬಿಸಿದ್ದಳು, ಆ ಪುಸ್ತಕವನ್ನು ಆಮೇಲೆ ಗೆದ್ದಲು ತಿಂದಿತು, ಇನ್ನೂ ಎಷ್ಟೋ ಪುಸ್ತಕ ಅದೇ ದಾರಿ ಹಿಡಿದವು. ಇನ್ನೊಂದು ಪ್ರತಿ ಇಟ್ಟಿದ್ದೀರಾ ಎಂದು ಯಾರಾದರೂ ಕೇಳಿದರೆ ಇಟ್ಟಿದ್ದೇನೆ ಎನ್ನಬೇಕು, ಎಲ್ಲಿ ಎಂದರೆ ಇದೇ ಪೆಟ್ಟಿಗೆಯಲ್ಲಿ ಎನ್ನಬೇಕು, ಬಾಗಿಲಿನ ಎರಡನೇ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಹೊರಗೆ ಹೋದ ಜಾಣೆ.

ಸರ್ವರು ಎರಡು, ಅವುಗಳೊಳಗೆ ಆರು ಕಂಪ್ಯೂಟರು, ಕೈಗೆ ಸಿಗದ ಕಂಪ್ಯೂಟರು, ಕಾರ್ಯದರ್ಶಿ ಮೃತ್ಯುಂಜಯ ಅವರು ಅವಕ್ಕೆ ಸುಳ್ಳು ಕಂಪ್ಯೂಟರು ಎಂದೇ ಹೆಸರಿಟ್ಟಿದ್ದಾರೆ, ಮಣ್ಣು ಪರೀಕ್ಷೆಯದೊಂದು, ಪತ್ರಗಳದೊಂದು, ಮಳೆಯದೊಂದು, ಹೀಗೆ, ಆರರ ಗಂಟುಮೂಟೆಯೂ ಇರುವುದು ಈ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿ, ಒಂದು ಸರ್ವರು ಕೆಟ್ಟರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳಲಿ ಎಂದು, ಪೆಟ್ಟಿಗೆಯೇ ಮಲಗಿದರೆ ಏನು ಎಂದು ಆಗ ಅಧ್ಯಕ್ಷರು ಕೇಳಿದ್ದರು, ಪೆಟ್ಟಿಗೆ ಮಲಗುವುದಿಲ್ಲ ಸಾರ್ ಎಂದಿದ್ದಳು, ಎಂಥ ಧೈರ್ಯ. ನಿನ್ನೆ ಮಲಗಿತು. ಮಲಗಿತೆಂದರೆ ಮಲಗಿಸಿದರು, ಬೆಳಗ್ಗೆ ಬಾಗಿಲು ತೆಗೆದಾಗ ಗೋಡೆಯ ಪ್ಲಗ್ಗುಗಳೆಲ್ಲ ಕಿತ್ತು ಜೋತಾಡುತ್ತಿವೆ, ಮೇಜಿನ ಮೇಲೆ ಐದು ನೀಲಿ ವೈರು, ಒಂದರ ಪಕ್ಕ ಒಂದು, ಚಕ್ಕುಲಿಯ ಹಾಗೆ ಸುತ್ತಿ ಪ್ರತಿಯೊಂದಕ್ಕೂ ಬಾಳೆನಾರಿನ ಕಟ್ಟು ಕಟ್ಟಿ ಇಟ್ಟಿದ್ದಾರೆ, ಕಳ್ಳ ಹೀಗೆ ಮಾಡುವುದಿಲ್ಲ, ಇಲಿ ಹೀಗೆ ಮಾಡುವುದಿಲ್ಲ, ನೋಡಿದ ಕೂಡಲೇ ಗೊತ್ತಾಯಿತು, ಕೆಂಚಯ್ಯ. ಯಸಳೂರಿನ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಿದ ಕೈ, ಮಂಡಿ ಕೈಕೊಟ್ಟ ಮೇಲೆ ಸಂಘದಲ್ಲಿ ಅಟೆಂಡರ್, ಅದೂ ದಿನಗೂಲಿ, ಭಾನುವಾರದ ಕಾವಲೂ ಅವನದೇ. ಗುಡುಗಿದ ಕೂಡಲೇ ಟಿವಿ ವೈರು ಕೀಳು, ಫೋನ್ ವೈರು ಕೀಳು ಎಂದು ಕೂಗದ ಮನೆ ಈ ಬೆಟ್ಟಗಳಲ್ಲಿ ಒಂದಾದರೂ ಇದೆಯೇ, ಅವಳ ಅಮ್ಮನಂತೂ ಮೋಡ ಕಟ್ಟಿದರೇ ಮಿಕ್ಸಿಯ ಪ್ಲಗ್ಗನ್ನೂ ಕಿತ್ತು ಸೆರಗಿನಲ್ಲಿ ಮುಚ್ಚುತ್ತಾಳೆ, ನಗಬಾರದು, ನಗುವ ಹೊತ್ತಲ್ಲ.

ಯಾರ್ ಹೇಳಿದ್ದಯ್ಯಾ ನಿಂಗೆ ಕೀಳೋಕೆ ಎಂದು ಕಾರ್ಯದರ್ಶಿಗಳು ಕೇಳಿದರು, ಒಂಬತ್ತೂಕಾಲಿಗೆ, ಇದೇ ಬಾಗಿಲಲ್ಲಿ ನಿಂತು. ಕೆಂಚಯ್ಯ ಒಂದು ಸಲ ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ, ಯಾರೂ ಯೋಳಿಲ್ಲ ಸಾಮಿ, ಗುಡುಗ್ತಿತ್ತಲ್ಲ, ನಾನೇ ಕಿತ್ಬುಟ್ಟೆ, ನಂದೇ ತೆಪ್ಪು. ವಾಣಿ ಅಲ್ಲೇ ಇದ್ದಳು, ಎರಡು ಮಾರು ದೂರದಲ್ಲಿ, ಹೇಳಬಹುದಿತ್ತು, ಹೋದ ವರ್ಷ ಮೇ ತಿಂಗಳಲ್ಲಿ ಸಿಡಿಲಿಗೆ ಮೋಡೆಮ್ ಸುಟ್ಟು ಹೋದಾಗ ಅವನನ್ನು ಇದೇ ಕೋಣೆಯಲ್ಲಿ ನಿಲ್ಲಿಸಿಕೊಂಡು ಬೈದವಳು ಅವಳೇ, ಗುಡುಗು ಕೇಳಿಸ್ತೋ ಎಲ್ಲಾ ವೈರೂ ಕಿತ್ತುಬಿಡಿ ಕೆಂಚಯ್ಯ, ನನ್ನನ್ನ ಕೇಳ್ಕೊಂಡು ಕೂರಬೇಡಿ, ಎಲ್ಲಾನೂ — ಆಗ ಇದ್ದದ್ದು ಒಂದು ಮೋಡೆಮ್, ಎರಡು ಹಳೆಯ ಕಂಪ್ಯೂಟರು, ಈ ಪೆಟ್ಟಿಗೆ ಬಂದದ್ದು ಐದು ತಿಂಗಳ ಆಚೆಗೆ, ಬಂದ ಮೇಲೆ ಪೂಜೆ ಮಾಡಿಸಿ ಕುಂಕುಮ ಇಡಿಸಿದಳು, ಕೆಂಚಯ್ಯನೇ ತೆಂಗಿನಕಾಯಿ ಒಡೆದ, ಇದನ್ನು ಮಾತ್ರ ಕೀಳಬೇಡಿ ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಹೇಳಲು ಮರೆತಳು, ಮರೆತದ್ದಕ್ಕೆ ಅವನ ಕೆಲಸ ಹೋಗುತ್ತದೆ. ಒಂದೂವರೆಗೆ ಅಧ್ಯಕ್ಷರು ಬರ್ತಾರೆ, ಅಷ್ಟ್ರೊಳಗೆ ರಿಪೋರ್ಟ್ ರೆಡಿ ಇರ್ಲಿ ವಾಣಿ, ಯಾರ ತಪ್ಪು ಅಂತ ಸ್ಪಷ್ಟ ಬರೀರಿ, ಅವನನ್ನ ನಾಳೆಯಿಂದ ಬರಬೇಡ ಅನ್ನೋಕೆ ನಂಗೂ ಒಂದು ಕಾಗದ ಬೇಕು, ಎಂದು ಕಾರ್ಯದರ್ಶಿಗಳು ಕೆಳಗೆ ಇಳಿದು ಹೋದರು, ಅವರ ಮೇಜಿನ ಮೇಲೆ ಅವಳ ಕೆಲಸ ಕಾಯಂ ಮಾಡುವ ಆದೇಶ ಇದೆ, ಸಹಿಯೊಂದು ಬಾಕಿ, ಮೂರು ವರ್ಷ ಏಳು ಗಂಟೆಯ ಬಸ್ಸು ಹಿಡಿದದ್ದಕ್ಕೆ ಸಿಕ್ಕಿದ್ದು ಅದೊಂದೇ ಕಾಗದ, ಅದು ಕಣ್ಣ ಮುಂದೆ ಬಂದದ್ದರಿಂದಲೇ ಹೇಳದೆ ಉಳಿದಳು, ಬೇರೇನೂ ಅಲ್ಲ, ಹೆದರಿದಳು, ನಾಚಿಕೆಗೇಡು.

ಮೊದಲು ಮಳೆ, ಆಮೇಲೆ ನಾಚಿಕೆ. ಅವಸರದಲ್ಲಿ ನಾಲ್ಕು ಸುರುಳಿಯ ನಾರನ್ನು ಕತ್ತರಿಯಿಂದ ಕತ್ತರಿಸಿ ನೆಲಕ್ಕೆ ಎಸೆದಿದ್ದಳು, ಉಳಿದ ಐದನೆಯದು ಎರಡನೇ ಸರ್ವರಿನದೇ ಇರಬೇಕು, ಆ ಸರ್ವರು ಹೇಗೂ ಆರಿದೆ, ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಳು, ಯಾವ ನೀಲಿ ವೈರು ಎಲ್ಲವನ್ನೂ ಕೂಡಿಸುವ ಹಲಗೆಯ ಯಾವ ತೂತಿನದು ಎಂದು ಹುಡುಕುವುದರಲ್ಲೇ ಒಂದೂವರೆ ಗಂಟೆ ಹೋಯಿತು, ಎಲ್ಲ ಒಂದೇ ನೀಲಿ, ತಪ್ಪು ತೂತಿಗೆ ಸೇರಿಸಿದರೆ ಇವರ ಮಾತು ಅವರಿಗೆ ಕೇಳಿಸುವುದಿಲ್ಲ, ವೈರಿಗೆ ಚೀಟಿ ಅಂಟಿಸಿ ಮೇಡಂ ಎಂದು ಹಾಸನದ ಇಂಜಿನಿಯರ್ ವೆಂಕಟೇಶ ಆರು ತಿಂಗಳಿಂದ ಹೇಳುತ್ತಲೇ ಇದ್ದಾನೆ, ನಾಳೆ ಅಂಟಿಸುತ್ತೇನೆ ಎಂದು ಅವಳೂ ಆರು ತಿಂಗಳಿಂದ ಹೇಳುತ್ತಲೇ ಇದ್ದಾಳೆ. ಪೆಟ್ಟಿಗೆಯನ್ನು ಮೊದಲು ಏಳಿಸಿ, ಒಂದನೇ ಸರ್ವರನ್ನು ಆಮೇಲೆ ಏಳಿಸಿ, ಕಂಪ್ಯೂಟರುಗಳು ಒಂದೊಂದಾಗಿ ಎದ್ದವು, ಮಳೆಯೊಂದು ಮಾತ್ರ ಬೀಗ ಹಾಕಿದೆ ಎನ್ನುತ್ತದೆ, ಯಾರೋ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ, ಫೋನಿನಲ್ಲಿ ವೆಂಕಟೇಶ, ಅಯ್ಯೋ ಅದು ಹಳೇ ಲಾಕ್ ಇರುತ್ತೆ ಮೇಡಂ, ನಿನ್ನೆ ಕರೆಂಟ್ ಹೋದಾಗ ಸಿಕ್ಕಾಕ್ಕೊಂಡಿರೋದು, ಫೋರ್ಸ್ ಮಾಡಿ ಒಡೆದುಬಿಡಿ, ಎರಡು ನಿಮಿಷದ ಕೆಲಸ. ಬೆರಳು ಕೀಲಿಯ ಮೇಲೆ ಇಟ್ಟದ್ದೂ ಆಯಿತು, ಒತ್ತಲಾಗಲಿಲ್ಲ, ನಿಜಕ್ಕೂ ಯಾರಾದರೂ ಹಿಡಿದುಕೊಂಡಿದ್ದರೆ — ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಇದ್ದದ್ದು ಒಂದೇ ಕಾಫಿ ಕಣ, ಒಂದು ವಾರ ಇವರದು, ಒಂದು ವಾರ ಅವರದು, ಒಂದು ಜನವರಿಯಲ್ಲಿ ಒಬ್ಬರನ್ನೊಬ್ಬರು ಕೇಳದೆ ಇಬ್ಬರೂ ಒಂದೇ ದಿನ ಹರವಿದರು, ಇವರ ಅರೇಬಿಕಾ ಹಣ್ಣು, ಅವರ ರೊಬಸ್ಟಾ ಹಣ್ಣು, ಸಂಜೆಗೆ ಕಲೆತು ಹೋಗಿತ್ತು, ಹೆಂಗಸರೆಲ್ಲ ಎಂಟು ದಿನ ಕೂತು ಆರಿಸಿದರೂ ಪೂರ್ತಿ ಬೇರೆಯಾಗಲಿಲ್ಲ, ಕಾಫಿಯನ್ನಾದರೂ ಆರಿಸಬಹುದು, ಎರಡು ಸರ್ವರು ಒಟ್ಟಿಗೆ ಒಂದೇ ಮಳೆಯ ಮೇಲೆ ಬರೆದರೆ ಆರಿಸಲು ಏನೂ ಉಳಿಯುವುದಿಲ್ಲ. ಯಾರ ಕೈಯಲ್ಲಿದೆ ಅಂತ ನೋಡೋಕೆ ಒಂದು ದಾರಿ ಇಲ್ವಾ ವೆಂಕಟೇಶ್ ಎಂದು ಕೇಳಿದಳು, ಐತೆ ಮೇಡಂ, ಆದ್ರೆ ಸುಮ್ನೆ ಟೈಮ್ ವೇಸ್ಟು ಎಂದು ಗೊಣಗುತ್ತಲೇ ಒಂದು ಸಾಲು ಹೇಳಿದ, ಹೊಡೆದಳು, ಪರದೆಯ ಮೇಲೆ ಉದ್ದಕ್ಕೆ ಅಂಕಿ ಅಕ್ಷರ, ಕೊನೆಯ ಹನ್ನೆರಡನ್ನು ಅಂಗೈ ಮೇಲೆ ಬರೆದುಕೊಂಡಳು, ಬೀಗ ಹಿಡಿದವರ ಗುರುತು ಅದು, ಒಂದನೇ ಸರ್ವರಿನ ಬೆನ್ನಿನ ಚೀಟಿಗೆ ಹೊಂದಲಿಲ್ಲ.

ಎರಡನೆಯದು ಬೀರುವಿನ ಸಂದಿಯಲ್ಲಿದೆ, ಮುಖವೂ ಗೋಡೆಯ ಕಡೆಗೆ, ಕಿವಿ ಇಟ್ಟಳು, ತಗಡು ಬೆಚ್ಚಗಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು, ಬದುಕಿದೆ, ನಿನ್ನೆಯಿಂದಲೂ ಬದುಕಿದೆ, ಅದರ ಪ್ಲಗ್ಗು ಬೀರುವಿನ ಹಿಂದೆ, ಪೆಟ್ಟಿಗೆಗೆ ಹೋಗುವ ದಪ್ಪ ಕೇಬಲ್ಲೂ ಅಲ್ಲೇ, ಕೆಂಚಯ್ಯನ ಕೈಗೆ ಎಟುಕಿಲ್ಲ, ಅವನ ಮಂಡಿ ಬಗ್ಗುವುದಿಲ್ಲವಲ್ಲ, ಹಾಗಾಗಿ ಇದೊಂದು ಆರಲೇ ಇಲ್ಲ, ಯಾರೊಂದಿಗೂ ಮಾತಿಲ್ಲದೆ ಕತ್ತಲಲ್ಲಿ ಮಳೆಯನ್ನು ಹಿಡಿದುಕೊಂಡೇ ಕೂತಿದೆ. ಬೀಗ ಒಡೆದಿದ್ದರೆ, ಅಬ್ಬಾ. ಪ್ಲಗ್ಗು ಕಿತ್ತು ಮಲಗಿಸಬಾರದು, ಒಳಗೆ ಹೋಗಿ ಮೆಲ್ಲಗೆ ಹೇಳಿ ಮಲಗಿಸಬೇಕು, ಅದಕ್ಕೆ ನೀಲಿ ವೈರು ಬೇಕು, ಐದನೇ ಸುರುಳಿಯನ್ನು ಎತ್ತಿಕೊಂಡಳು, ಯಾವ ತೂತು ಎಂದು ಮತ್ತೆ ಹುಡುಕಾಟವೇ ಎಂದು ನಾರು ಬಿಚ್ಚಲು ಹೋದರೆ ಬೆರಳಿಗೆ ಏನೋ ತಡೆಯಿತು, ಗಂಟು, ಕಟ್ಟಿದ ಗಂಟಲ್ಲ, ಅದರ ಬಾಲದಲ್ಲಿ ಸಾಲಾಗಿ ಬೇರೆ ಗಂಟುಗಳು, ಸಣ್ಣವು, ಒಂದು ಎರಡು ಮೂರು ನಾಲ್ಕು. ನೆಲದ ಮೇಲಿನ ನಾರುಗಳನ್ನು ಆರಿಸಿದಳು, ಒಂದರಲ್ಲಿ ಎರಡು, ಒಂದರಲ್ಲಿ ಐದು, ಒಂದರಲ್ಲಿ ಒಂದೇ, ಮತ್ತೊಂದರಲ್ಲಿ ಮೂರು. ಎಡಗಡೆಯಿಂದ ತೂತುಗಳನ್ನು ಎಣಿಸಿದಳು, ನಾಲ್ಕನೆಯದು ಖಾಲಿ ಇತ್ತು, ಸೇರಿಸಿದಳು, ದೀಪ ಹತ್ತಿತು. ಓದಲು ಬಾರದವನು, ಗುಡುಗಿಗೆ ಹೆದರಿ ಓಡಿ ಬಂದು ಎಲ್ಲವನ್ನೂ ಕಿತ್ತವನು, ಕೀಳುವಾಗ ಒಂದೊಂದೂ ಎಷ್ಟನೇ ತೂತಿನದೆಂದು ಎಣಿಸಿದ್ದಾನೆ, ಎಣಿಸಿ ನಾರಿಗೆ ಗಂಟು ಹಾಕಿದ್ದಾನೆ, ಬೆಳಗ್ಗೆ ಬಂದವಳಿಗೆ ಹುಡುಕಾಟವಾಗದಿರಲಿ ಎಂದು, ಆರು ತಿಂಗಳಲ್ಲಿ ಅವಳು ಅಂಟಿಸದ ಚೀಟಿಯನ್ನು ಸಿಡಿಲಿನ ನಡುವೆ ಅವನು ಕಟ್ಟಿಟ್ಟಿದ್ದಾನೆ, ಬೆಳಗ್ಗೆ ಅವಳು ಅದಕ್ಕೇ ಕತ್ತರಿ ಹಾಕಿದ್ದಳು.

ಎರಡನೇ ಸರ್ವರು ಮಲಗಿತು, ಮಲಗಿದ ಮೂರನೇ ನಿಮಿಷಕ್ಕೆ ಬೀಗ ಬಿಟ್ಟಿತು, ಮಳೆ ಎದ್ದಿತು, ಅಂಕಿಗಳು ಸಾಲಾಗಿ ಇಳಿದು ಬಂದವು, ಎಡಕುಮೇರಿ, ಹಾನುಬಾಳು, ಯಸಳೂರು, ಆ ಜುಲೈ, ಆ ಹೆಣ್ಣು ಮಗು, ತಾಯಿ ಕ್ಷೇಮ, ಅತ್ತಳು ಎಂದರೆ ತಪ್ಪಾದೀತು, ಮೂಗು ಸೋರಿತು, ಚೂಡಿದಾರದ ತುದಿಯಲ್ಲೇ ಒರೆಸಿಕೊಂಡಳು. ಎದ್ದಿತೇನ್ರೀ ಎಂದು ಕಾರ್ಯದರ್ಶಿಗಳು ಮೆಟ್ಟಿಲಲ್ಲೇ ಕೂಗಿದರು, ಎದ್ದಿತು ಸಾರ್, ಭೇಷ್ ಕಣ್ರೀ, ನೀವಿಲ್ದಿದ್ರೆ ಇವತ್ತು ನಮ್ಮ ಮಾನ ಹೋಗ್ತಿತ್ತು, ಇನ್ನು ಆ ರಿಪೋರ್ಟ್ ಒಂದು ಮುಗಿಸಿಬಿಡಿ, ನಾಲ್ಕು ಸಾಲು ಸಾಕು, ಅಜಾಗರೂಕತೆಯಿಂದ ಅಂತ ಹಾಕಿ, ಆಮೇಲೆ ಕೆಳಗೆ ಬನ್ನಿ, ನಿಮ್ಮದೂ ಸಹಿ ಮಾಡ್ತೀನಿ. ಅವರೇನು ಕೆಟ್ಟವರಲ್ಲ, ಹೋದ ತಿಂಗಳು ಕೆಂಚಯ್ಯನ ಮಂಡಿಗೆ ಎಣ್ಣೆ ತರಿಸಿ ಕೊಟ್ಟವರೂ ಅವರೇ, ಅವರಿಗೆ ಒಂದು ಹೆಸರು ಬೇಕು, ಅಷ್ಟೇ, ಒಂದೂವರೆಯೊಳಗೆ. ಕಿಟಕಿಯಿಂದ ಕೆಳಗೆ ನೋಡಿದರೆ ಕೆಂಚಯ್ಯ ಜಗಲಿಯ ತುದಿಯಲ್ಲಿ ಕೂತಿದ್ದಾನೆ, ಊಟದ ಡಬ್ಬಿ ಪಕ್ಕದಲ್ಲಿ, ತೆಗೆದಿಲ್ಲ, ಬೆಳಗ್ಗೆ ಅವನು ಅವಳ ಮುಖ ನೋಡಿದ್ದು ಎಷ್ಟು ಹೊತ್ತು, ರೆಪ್ಪೆ ಬಡಿಯುವಷ್ಟು, ಅಷ್ಟರಲ್ಲೇ ಅವಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಾಗಿ, ನಂದೇ ತೆಪ್ಪು ಎಂದುಬಿಟ್ಟ, ಅವಳಿಗೆ ಹುಡುಕಾಟವಾಗದಿರಲಿ ಎಂದು, ಅದೂ ಹಾಗೆಯೇ. ಬರೆಯಬೇಕು, ದಿನಾಂಕ ಇಪ್ಪತ್ತು ಏಪ್ರಿಲ್ ಎರಡು ಸಾವಿರದ ಒಂಬತ್ತು, ಘಟನೆ ಡಿಸ್ಕ್ ಪೆಟ್ಟಿಗೆಯ ಸಂಪರ್ಕ ಕಡಿತ, ಕಾರಣ ಅಟೆಂಡರ್ ಕೆಂಚಯ್ಯನ ಅಜಾಗರೂಕತೆ — ಬೆರಳು ಅಲ್ಲಿಯವರೆಗೆ ಬಂದು ನಿಂತಿತು, ಅಜಾಗರೂಕತೆ, ಎಷ್ಟು ಉದ್ದದ ಪದ, ಸರ್ಕಾರಿ ಕಾಗದದ ಪದ, ಗಂಟು ಹಾಕಿದವನಿಗೆ ಈ ಪದವೇ, ಅಳಿಸಿದಳು, ಹೆಸರನ್ನೂ ಅಳಿಸಿದಳು, ಕಾರಣ ಎಂಬುದರ ಮುಂದೆ ಗೆರೆ ಮಿಟುಕುತ್ತಿದೆ, ಗುಡುಗಿದರೆ ಎಲ್ಲಾ ವೈರುಗಳನ್ನೂ ಕೀಳುವಂತೆ ಕೆಂಚಯ್ಯನವರಿಗೆ ಹೇಳಿದವಳು ನಾನು, ಪೆಟ್ಟಿಗೆ ಬಂದ ಮೇಲೆ ಬೇಡವೆಂದು ಹೇಳದೆ ಬಿಟ್ಟವಳೂ ನಾನು, ಬೆಳಗ್ಗೆ ಕೇಳಿದಾಗ ಸುಮ್ಮನಿದ್ದವಳೂ — ಹಿಂದೆ ಚಪ್ಪಲಿಯ ಸದ್ದು ಬಂದು ನಿಂತಿತು, ಕಾರ್ಯದರ್ಶಿಗಳ ಉಸಿರು, ಅವರು ಓದುತ್ತಿದ್ದಾರೆ, ಏನ್ರೀ ಇದು ವಾಣಿ ಎಂದರು, ಏನೆಂದರೆ ಸಾರ್ ಎಂದಳು, ಏನೆಂದರೆ, ಬಾಕಿ ಇದ್ದ ನಾನು ಎಂಬ ಪದವನ್ನೂ ಹೊಡೆದು ಸಾಲು ಮುಗಿಸಿದಳು, ಕಣ್ಣು ಮೇಜಿನ ಮೇಲಿತ್ತು, ಅಲ್ಲಿ ಬಾಳೆನಾರು, ಅದರ ಬಾಲದಲ್ಲಿ ಗಂಟು, ಒಂದು, ಎರಡು, ಮೂರು, ನಾಲ್ಕು.