ಅಂತ ಅಂದವರು ಯಾರು?

ಸಿದ್ಧಾರೂಢ ಕಾಕಾ ಒಂದು ಕೈಯನ್ನು ಮಹಾದೇವಕ್ಕನ ಮೊಣಕಾಲಿನ ಅಡಿಗೆ, ಇನ್ನೊಂದನ್ನು ಹಿಮ್ಮಡಿಗೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಕಾಲು ಮಡಚಲು ನೋಡಿದಾಗ ನೇತ್ರಾ ಕೂಗಿಬಿಟ್ಟಳು.

"ಸಾವಕಾಶ್ರಿ ಕಾಕಾ! ಅಕ್ಕಾರಿಗೆ ನೋವಾಗತೈತಿ!"

ಪಡಸಾಲೆಯಲ್ಲಿ ಹೆಂಗಸರ ಅಳು ಒಮ್ಮೆಲೇ ನಿಂತಿತು. ನಸುಕಿನಲ್ಲಿ ಜೀವ ಬಿಟ್ಟವಳಿಗೆ ಏಳು ಗಂಟೆಗೆ ನೋವೆಲ್ಲಿಂದ ಬರಬೇಕು? ನೇತ್ರಾಳಿಗೂ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಹತ್ತೊಂಬತ್ತು ವರ್ಷ ಗಂಡನ ಅಕ್ಕನಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಆ ಕಾಲುಗಳನ್ನು ಗಾಜಿನ ಸಾಮಾನಿನ ಹಾಗೆ ಎತ್ತಿ ಇಟ್ಟವಳ ಬಾಯಿ ತಲೆಯನ್ನು ಕೇಳಿ ಮಾತಾಡಲಿಲ್ಲ.

ಮಹಾದೇವಕ್ಕನ ಎರಡೂ ಮೊಣಕಾಲು ಸೆಟೆದು ನೆಟ್ಟಗಾಗಿ ಹೋಗಿದ್ದವು. ಎಷ್ಟೋ ವರ್ಷಗಳಿಂದ ಒಂದು ಬೆರಳಿನಷ್ಟೂ ಮಡಚಿರಲಿಲ್ಲ. ಈಗ ಪೇಚಿಗೆ ಬಂದದ್ದೂ ಅದೇ. ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣು ಕೊಡುತ್ತಾರೆ.

"ತಡಾ ಮಾಡಿದಷ್ಟೂ ಮೈ ಬಿಗೀತೈತಿ," ಎಂದರು ಕಾಕಾ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಬಿಸಿನೀರ ಹಾಕಿ ನೋಡೂಣು. ಅದಕ್ಕೂ ಬಗ್ಗಲಿಲ್ಲಂದ್ರ ಕೀಲ ಮುರೀಬೇಕಾಗತೈತಿ."

"ಮುರಿಯೂದ?" ಗೋಡೆಗೆ ಮುಖ ಮಾಡಿ ನಿಂತಿದ್ದ ಮಡಿವಾಳೆಪ್ಪ ತಿರುಗಿದ. ಸತ್ತವಳ ಬೆನ್ನಿಗೆ ಬಿದ್ದ ತಮ್ಮ ಅವನು, ನೇತ್ರಾಳ ಗಂಡ.

"ನನಗೇನ ಹುರುಪಿಲ್ಲೋ ತಮ್ಮಾ. ನಮ್ಮ ಕೂಸದು. ಆದ್ರ ಕಾಲ ಮಡಚಿ ಕೂಡಸಲಿಲ್ಲಂದ್ರ ಮುಕ್ತಿ ಸಿಗೂದುಲ್ಲಂತ."

ಮಹಾದೇವಕ್ಕನ ಚಿಕ್ಕಪ್ಪನಾದ ಕಾಕಾ ಕೆಟ್ಟವರಲ್ಲ. ಬೆಳಗಿನಿಂದ ಎರಡು ಸಲ ಹಿತ್ತಲಿಗೆ ಹೋಗಿ ಅತ್ತು ಬಂದಿದ್ದರು. ಆದರೆ ಆ 'ಅಂತ' ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೈದು ವರ್ಷಗಳಿಂದ ಕಾಕಾನ ಎದುರು ತಲೆ ಎತ್ತದಿದ್ದ ನೇತ್ರಾ ಸೆರಗು ಸರಿಮಾಡಿಕೊಂಡು ಕೇಳಿದಳು.

"ಅಂತ ಅಂದವರು ಯಾರ್ರಿ?"

ಮನೆ ತುಂಬ ಕೂತವರು ಬೆಚ್ಚಿದರು. ಅದು ನೇತ್ರಾಳ ಮಾತಾಗಿರಲಿಲ್ಲ. ಅಲ್ಲಿ ಮಲಗಿದ್ದವಳ ಮಾತಾಗಿತ್ತು.

"ಎಲ್ಲಾರೂ ಅಂತಾರವಾ."

"ಬೋರಿನ ನೀರಿಂದ ಏನೂ ಆಗೂದುಲ್ಲ ಅಂತಾನೂ ಎಲ್ಲಾರೂ ಅಂತಿದ್ರು," ಎಂದಳು ನೇತ್ರಾ. "ನಾ ಮಠದ ಅಜ್ಜಾರನ್ನ ಕೇಳಿಕೊಂಡ ಬರತೇನಿ. ಅಲ್ಲೀ ತನಕ ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

*

ಬೋರಿನ ನೀರಿನ ಕತೆ ಹನ್ನೆರಡು ವರ್ಷ ಹಿಂದಿನದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಮಹಾದೇವಕ್ಕನ ಕಾಲಿಗೆ ಊರು ಹತ್ತು ಹೆಸರು ಕೊಟ್ಟಿತ್ತು. ವಾಯು ಅಂತ, ಯಾರದೋ ಕಣ್ಣು ಅಂತ, ಹಿಂದಿನ ಜನ್ಮದ್ದು ಅಂತ. ಕೀಲು ಕೂಡಿಸುವವನೊಬ್ಬ ಬಲವಂತದಿಂದ ಬಗ್ಗಿಸಲು ಹೋದಾಗ ಆಕೆ ಕಿರುಚಿದ್ದು ಮೂರು ಓಣಿಗೆ ಕೇಳಿಸಿತ್ತು. ಸೊಂಟ ಹಿಡಿದವರು, ಕತ್ತು ತಿರುಗದವರು ಓಣಿಗಿಬ್ಬರಿದ್ದರು. ಸಾಲಿಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ. ಎಲ್ಲರ ಹಲ್ಲೂ ಹಾಗೇ ಇದ್ದುದರಿಂದ ಯಾರಿಗೂ ಅದು ಸುದ್ದಿ ಅನ್ನಿಸಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಯಾರೂ ಕೇಳದ ಪ್ರಶ್ನೆ ಕೇಳಿದರು. "ಯಾವ ನೀರು ಕುಡೀತೀರಿ?"

ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎಲುಬು ಹೀಗಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಳುತ್ತ ಮನೆಗೆ ಬರುತ್ತಿದ್ದರು. ಮಹಾದೇವಕ್ಕ ಡಾಕ್ಟರನ್ನೂ ಬಿಡಲಿಲ್ಲ. "ನಮ್ಮೂರ ನೀರಾಗ ಐತಿ ಅನ್ನೂದು ನಿಮಗ ಹೆಂಗ ಗೊತ್ತಾತ್ರಿ?" ಡಾಕ್ಟರು ನಕ್ಕು, "ಗೊತ್ತಿಲ್ಲಮ್ಮ. ಪರೀಕ್ಷೆ ಮಾಡಿಸಿ," ಎಂದರು.

ಧಾರವಾಡದಲ್ಲಿ ನೀರು ಪರೀಕ್ಷೆ ಮಾಡುವ ಕಚೇರಿ ಇದೆಯೆಂದು ತಿಳಿಯಿತು. ಬಸ್ಸಿನ ಸೀಟಿನಲ್ಲಿ ಕೂರಲು ಮೊಣಕಾಲು ಮಡಚಬೇಕಲ್ಲ! ಮಹಾದೇವಕ್ಕ ಅದೇ ಊರಿನ ಬಾಬಾಸಾಬನ ಮಾಲು ಸಾಗಿಸುವ ಟೆಂಪೋದ ಹಿಂದೆ, ಗೋಣಿಚೀಲದ ಮೇಲೆ, ಕಾಲು ಚಾಚಿ ಕೂತು ಹೋದಳು. ಬಾಟಲಿ ತುಂಬಿ ಕೊಟ್ಟವಳು ನೇತ್ರಾ. ಹತ್ತು ದಿನಕ್ಕೆ ಕಾಗದ ಬಂತು: ನೀರು ಕುಡಿಯಲು ಯೋಗ್ಯ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಹಾದೇವಕ್ಕ ಎರಡು ದಿನ ಆ ಕಾಗದವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಮೂರನೇ ದಿನ ರೊಟ್ಟಿ ಬಡಿಯುತ್ತಿದ್ದವಳನ್ನು ಕರೆದಳು.

"ನೇತ್ರಾ, ಬಾಟ್ಲಿ ಯಾವ ನೀರಿಂದ ತುಂಬಿದ್ದಿ ಬೇ?"

"ಅಷ್ಟ ದೊಡ್ಡ ಆಫೀಸಿಗೆ ಬೋರಿನ ಸವಳ ನೀರ ಕೊಟ್ಟ ಕಳಸೂದ್ರಿ ಅಕ್ಕಾರ? ಏನ ತಿಳಕೊಂಡಾರು! ಮನಿಗೆ ಬಂದ ಪಾವಣ್ಯಾರಿಗೆ ಕುಡ್ಯಾಕಂತ ಇಟ್ಟಿದ್ದ ಕೆರಿ ನೀರ, ನಾಕ ಮಡಿಕಿ ಅರಿವ್ಯಾಗ ಸೋಸಿ ತುಂಬಿದ್ದೆ."

ಮಹಾದೇವಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬೈಯಲಿಲ್ಲ. ಮರುವಾರ ತಾನೇ ಕೋಲೂರಿಕೊಂಡು ಊರಿನ ಒಂದೊಂದು ಬೋರಿನ ಮುಂದೂ ನಿಂತು ಹದಿನಾಲ್ಕು ಬಾಟಲಿ ತುಂಬಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಒಯ್ದಳು. ಈ ಸಲದ ಕಾಗದ ನೋಡಿ ಊರು ನಗಲಿಲ್ಲ.

ಆ ಕಾಗದ ಹಿಡಿದು ಮೂರು ವರ್ಷ ಕಚೇರಿಯಿಂದ ಕಚೇರಿಗೆ ಟೆಂಪೋದಲ್ಲಿ ಓಡಾಡಿದಳು. ಕೊನೆಗೆ ಕೆಟ್ಟ ಬೋರುಗಳಿಗೆ ಕೆಂಪು ಬಣ್ಣ ಬಿತ್ತು, ಊರಿಗೆ ಹೊಳೆ ನೀರಿನ ಪೈಪು ಬಂತು. ಓಡಾಟದಲ್ಲೇ ಅಂಗವಿಕಲರ ಕಾರ್ಡು, ಪಿಂಚಣಿ, ಪಾಸು ಇವುಗಳ ಒಳಹೊರಗೆಲ್ಲ ತಿಳಿದುಕೊಂಡಳು. ಜನ ಬರತೊಡಗಿದರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು 'ಅಂತ'. ಕಾರ್ಡು ಮಾಡಿಸಿದರೆ ರೇಷನ್ ಬಂದ್ ಆಗುತ್ತಂತೆ, ಹುಟ್ಟಿನಿಂದ ಇದ್ದವರಿಗಷ್ಟೇ ಕೊಡುತ್ತಾರಂತೆ, ಬುದ್ಧಿ ಬೆಳೆಯದ ಮಕ್ಕಳಿಗೆ ಇಲ್ಲವಂತೆ. ಆಕೆ ಒಂದೇ ಮಾತು ಕೇಳುವಳು: "ಅಂತ ಅಂದವರು ಯಾರು?" ತನಗೂ ತಿಳಿಯದಿದ್ದರೆ "ನನಗ ಗೊತ್ತಿಲ್ಲ" ಎಂದು ನೆಟ್ಟಗೆ ಹೇಳಿ, ಮರುದಿನ ಕಚೇರಿಗೇ ಹೋಗಿ ಕೇಳಲು ಬಾಬಾಸಾಬನಿಗೆ ಫೋನು ಮಾಡುವಳು. ಇಡೀ ಊರಿನಲ್ಲಿ ಗೊತ್ತಿಲ್ಲ ಎನ್ನಲು ನಾಚದವಳು ಅವಳೊಬ್ಬಳೇ.

*

ಮಠ ನಾಲ್ಕು ಮೈಲಿ ದೂರ. ಬಾಬಾಸಾಬ ಮುಂದಿನ ಸೀಟು ಒರೆಸಿಕೊಟ್ಟ. ನೇತ್ರಾ ಹತ್ತಲಿಲ್ಲ, ಹಿಂದೆ ಹೋಗಿ ಗೋಣಿಚೀಲದ ಮೇಲೆ ಕೂತಳು. ಎರಿಹೊಲದ ನಡುವಿನ ಆ ದಾರಿಯಲ್ಲಿ ಗಾಡಿ ಎತ್ತಿ ಎತ್ತಿ ಒಗೆಯಿತು. ಎರಡೂ ಕೈಯಿಂದ ಸರಳು ಹಿಡಿದರೂ ಸೊಂಟ ಕಳಚಿದ ಹಾಗಾಯಿತು. ನಾಲ್ಕು ಮೈಲಿಗೇ ಹೀಗಾದರೆ, ಎಲುಬೆಲ್ಲ ನೋಯುವ ಆ ಮೈ ಹಿಡಿದುಕೊಂಡು ಮಹಾದೇವಕ್ಕ ಧಾರವಾಡಕ್ಕೆ ಎಷ್ಟು ಸಲ ಹೋಗಿ ಬಂದಳೋ! ಒಮ್ಮೆಯೂ ಹೇಳಲಿಲ್ಲವಲ್ಲ ಎಂದುಕೊಂಡಳು ನೇತ್ರಾ.

ಮಠದ ಸ್ವಾಮಿಗಳಾದ ಅಜ್ಜಾರು ಪೂಜೆ ಮುಗಿಸಿ ಕೂತಿದ್ದರು. ಎಂಬತ್ತು ದಾಟಿದ ಜೀವ. ನೇತ್ರಾ ಹೇಳಿದ್ದನ್ನೆಲ್ಲ ಕೇಳಿ, ಅವಳಿಗೆ ಚಾಪೆ ತೋರಿಸಿದರು.

"ನನಗ ಖಾತ್ರಿ ಇಲ್ಲ ತಂಗಿ," ಎಂದರು. "ಕುಂದರು. ನೋಡಿ ಹೇಳತೇನಿ."

ಕಪಾಟಿನಿಂದ ಒಂದು ಪುಸ್ತಕ ಇಳಿಸಿದರು, ಆಮೇಲೆ ಇನ್ನೊಂದು. ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ತಿರುವಿದರು. ತಮಗಿಂತ ಹಿರಿಯರಾದ ಇನ್ನೊಬ್ಬರಿಗೆ ಫೋನು ಹಚ್ಚಿ ಕೇಳಿದರು. ಒಂದು ತಾಸು ಹೋಯಿತು. ಇಷ್ಟು ದೊಡ್ಡವರು, ಸಾವಿರ ಜನ ಕಾಲಿಗೆ ಬೀಳುವವರು, ತಿಳಿಯದ್ದನ್ನು ತಿಳಿಯದು ಎಂದು ಹೇಳಿ ಸಾಲಿ ಹುಡುಗನ ಹಾಗೆ ಓದುತ್ತಿದ್ದರು. ನೇತ್ರಾಳಿಗೆ ಅವರ ಮೇಲಿನ ಭಕ್ತಿ ಅಂದು ನೂರ್ಮಡಿಯಾಯಿತು.

"ಕಾಲ ಮಡಚಲೇಬೇಕಂತ ನಾ ನೋಡಿದ ಪುಸ್ತಕದಾಗ ಎಲ್ಲೂ ಬರದಿಲ್ಲ," ಎಂದರು ಅಜ್ಜಾರು ಕೊನೆಗೆ. "ಹಿರಿಯರೂ ಇಲ್ಲ ಅಂದ್ರು. ಲಿಂಗ ಧರಿಸಿದ ದೇಹ ಅದು. ಮುರಿಯೂ ಮಾತ ಆಡಬ್ಯಾಡ್ರಿ. ಹೆಂಗ ಐತೆಲ್ಲ, ಹಂಗ ಕೂಡಿಸ್ರಿ."

ನೇತ್ರಾ ಕೈಮುಗಿದಳು. ಆದರೆ ಏಳಲಿಲ್ಲ. "ಅಜ್ಜಾರ, ಇದನ್ನ ಬರದ ಕೊಡ್ರಿ."

ಅಜ್ಜಾರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಮಾದೇವಕ್ಕನ ಮನಿಯಾಕಿ ಹೌದು ನೀ," ಎಂದು ಪೆನ್ನು ತೆಗೆದುಕೊಂಡರು.

*

ಟೆಂಪೋ ಓಣಿಯ ಬಾಯಿಗೇ ನಿಂತುಬಿಟ್ಟಿತು. ಮುಂದೆ ಹೋಗಲು ದಾರಿಯಿರಲಿಲ್ಲ. ಊರುಗೋಲಿನವರು, ಮೂರು ಗಾಲಿಯ ಗಾಡಿಯವರು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಬಂದ ಕುರುಡು ಗಂಡಹೆಂಡತಿ, ಬೆಳೆದ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದ ತಾಯಿ. ಕುಬಿಹಾಳದವರು, ಮಿಶ್ರಿಕೋಟಿಯವರು, ನವಲಗುಂದದ ಕಡೆಯವರು. ಇವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದಾಗ ನೇತ್ರಾ ಚಹಾ ಕೊಟ್ಟಿದ್ದಳು, ಒಮ್ಮೊಮ್ಮೆ ಸಕ್ಕರೆ ತೀರಿತೆಂದು ಗೊಣಗಿಯೂ ಇದ್ದಳು. ಎಲ್ಲರನ್ನೂ ಒಟ್ಟಿಗೆ ನೋಡಿದ್ದು ಇದೇ ಮೊದಲು. ತನ್ನ ಕೈಯಿಂದ ನೀರು ಹಾಕಿಸಿಕೊಳ್ಳುತ್ತಿದ್ದ ಹೆಂಗಸು ಇಷ್ಟು ದೊಡ್ಡವಳೇ?

ಸಿದ್ಧಾರೂಢ ಕಾಕಾ ಕಾಗದವನ್ನು ಎರಡು ಸಲ ಓದಿದರು. ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಎಲ್ಲರಿಗೂ ಕೇಳುವಂತೆ. ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡರು.

"ಹಂಗಾರ ಕುಣಿ ಉದ್ದ ಆಗಬೇಕಲೇ," ಎಂದು ಗುಂಡಿ ತೋಡಿಸಲು ತಾವೇ ಮುಂದಾಗಿ ನಡೆದರು.

ಮೂರು ಗಂಟೆಗೆ ಭಜನೆಯೊಂದಿಗೆ ಮಹಾದೇವಕ್ಕನನ್ನು ರುದ್ರಭೂಮಿಗೆ ತಂದಾಗ ಕುಣಿಯ ಬಳಿ ತೋಡುವವರು ತಲೆ ಕೆರೆದುಕೊಳ್ಳುತ್ತಿದ್ದರು. ಕೂತವರಿಗೆ ಬೇಕಾದಷ್ಟು ಅಗಲ, ಬೆನ್ನಿಗೊಂದು ಗೂಡು ಆಗಿತ್ತು. ಮುಂದೆ ಚಾಚಿದ ಕಾಲಿಗೆ ಎಷ್ಟು ತೋಡಬೇಕೆಂದು ಯಾರಿಗೂ ಅಂದಾಜಿರಲಿಲ್ಲ. ಅಂಥ ಕುಣಿಯನ್ನು ಅವರು ಕಂಡವರೇ ಅಲ್ಲ.

"ಸೊಂಟದಿಂದ ಹಿಮ್ಮಡಿ ತನಕ ನನ್ನ ಗೇಣಿನಾಗ ನಾಕ ಗೇಣು, ಮ್ಯಾಲೆ ನಾಕ ಬಟ್ಟು," ಎಂದಳು ನೇತ್ರಾ. ಅಳತೆ ಅವಳ ಕೈಗೆ ಬಾಯಿಪಾಠವಾಗಿತ್ತು.

ಅಷ್ಟು ತೋಡಿದರು. ಆಗ ಮಂದಿಯ ನಡುವಿನಿಂದ ಎರಡು ಊರುಗೋಲು ಕುಟ್ಟುತ್ತ ಒಬ್ಬ ಬಂದ. ಟ್ರ್ಯಾಕ್ಟರಿನಿಂದ ಬಿದ್ದು ಎರಡೂ ಮೊಣಕಾಲು ಮಡಚದಂತಾದ ಕುಬಿಹಾಳದ ಲಕ್ಕಪ್ಪ. ಹುಟ್ಟಿನಿಂದ ಇದ್ದವರಿಗಷ್ಟೇ ಕಾರ್ಡು ಎಂಬ ಮಾತು ನಂಬಿ ಆರು ವರ್ಷ ಮನೆಯ ಮೂಲೆಯಲ್ಲಿ ಬಿದ್ದಿದ್ದವನು. ಮಹಾದೇವಕ್ಕ ಹೋಗಿ ಎಬ್ಬಿಸಿದ್ದಳು.

"ಬರೇ ಅಳತಿಯಿಂದ ಗೊತ್ತಾಗೂದುಲ್ರಿ. ಮಡಚದ ಕಾಲಿನ ಕಷ್ಟ ನಿಮಗ ತಿಳಿಯಂಗಿಲ್ಲ. ನನ್ನ ಇಳಸ್ರಿ. ನಾ ಕುಂತ ನೋಡತೇನಿ."

"ಏ ಹುಚ್ಚಾ!" ಯಾರೋ ಕೂಗಿದರು. "ಜೀವಂತ ಇದ್ದವ್ರು ಕುಣ್ಯಾಗ ಕುಂದರಬಾರದಂತ!"

ಲಕ್ಕಪ್ಪ ಊರುಗೋಲನ್ನು ಬಾಬಾಸಾಬನ ಕೈಗೆ ಕೊಟ್ಟ. "ಅಂತ ಅಂದವರು ಯಾರು?"

ರುದ್ರಭೂಮಿಯಲ್ಲಿ ನಗೆ ಎದ್ದಿತು. ಬೆಳಗಿನಿಂದ ಒಂದು ಹನಿ ನೀರು ಕುಡಿಯದ ಮಡಿವಾಳೆಪ್ಪನೂ ಅಳುತ್ತಲೇ ನಕ್ಕ. ನಾಲ್ಕು ಮಂದಿ ಕಂಕುಳಿಗೆ ಕೈ ಕೊಟ್ಟು ಲಕ್ಕಪ್ಪನನ್ನು ಇಳಿಸಿದರು.

ಅವನು ಗೂಡಿಗೆ ಬೆನ್ನು ಹಚ್ಚಿ, ಕಾಲು ಚಾಚಿ ಕೂತ. ನಗೆ ತಾನಾಗಿಯೇ ಇಳಿಯಿತು. ಸುತ್ತ ನಿಂತ ನೂರಾರು ಜನ ಇನ್ನೊಬ್ಬರ ಕುಣಿಯಲ್ಲಿ ಕೂತ ಆ ಬದುಕಿದ ಮನುಷ್ಯನನ್ನು ನೋಡಿದರು. ಅವನಿಗೆ ಹೆದರಿಕೆಯಿರಲಿಲ್ಲ. ಕಣ್ಣು ಮುಚ್ಚಿ, ಅತ್ತಿತ್ತ ಮೈ ಹೊರಳಿಸಿ ನೋಡಿದ.

"ಬಲಹಿಮ್ಮಡಿಗೆ ಕಲ್ಲ ಚುಚ್ಚತೈತಿ. ತಗೀರಿ. ಎಡಕ ಎರಡ ಬಟ್ಟು ಸರಸ್ರಿ. ಮೊಣಕಾಲ ತೆಳಗ ಮೆತ್ತನ್ನ ಮಣ್ಣ ಏರಸಬೇಕು, ಇಲ್ಲಾಂದ್ರ ನರ ಜಗ್ಗತೈತಿ."

ಹೇಳಿ ಸುಮ್ಮನಿರಲಿಲ್ಲ. ಹೆಂಟೆಗಳನ್ನು ತಾನೇ ಬೆರಳಿನಿಂದ ಪುಡಿ ಮಾಡಿ, ಮೊಣಕಾಲು ಬರುವ ಜಾಗಕ್ಕೆ ಹಾಸಿ, ಅಂಗೈಯಿಂದ ಸವರಿದ. ಇನ್ನೊಮ್ಮೆ ಕೂತು ನೋಡಿದ.

"ಈಗ ಆರಾಮ ಐತಿ," ಎಂದ. "ಎತ್ರಿ ನನ್ನ. ಅಕ್ಕಾರನ್ನ ಇಳಸ್ರಿ."

ಮಹಾದೇವಕ್ಕ ಕೂತಳು. ಎಡ ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ, ಮಡಿಲ ತುಂಬ ಪತ್ರಿ, ಮುಂದೆ ನೀಟಾಗಿ ಚಾಚಿದ ಕಾಲು. ಮುಖದ ಮೇಲೆ ಒಂದು ಗೆರೆಯೂ ಇರಲಿಲ್ಲ. ನೇತ್ರಾ ಬಾಗಿ ಸೀರೆಯ ಅಂಚನ್ನು ಪಾದದ ಮೇಲೆ ಎಳೆದಳು. ವಿಧಿ ಮಾಡಿಸಲು ಬಂದ ಅಯ್ಯಾರು ಮಂತ್ರ ಹೇಳಿದರು. ಉಪ್ಪು ಬಿತ್ತು, ವಿಭೂತಿ ಗಟ್ಟಿ ಬಿತ್ತು, ಎರಿಮಣ್ಣು ಬಿತ್ತು.

ಎಲ್ಲರಿಗೂ ಒಂದು ಹಿಡಿ ಮಣ್ಣು ಹಾಕಬೇಕಿತ್ತು. ಹಿಂದಿನವರು ಮುಂದೆ ನುಗ್ಗಿದರು. ಕುಣಿ ತುಂಬಿ ನೆಲಕ್ಕೆ ಸಮವಾಗಿದ್ದರಿಂದ ಎಲ್ಲಿ ಏನಿದೆಯೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

"ಹಿಂದ ಸರೀರಿ! ಏ, ಹಿಂದ ಸರೀರಿ!" ಸಿದ್ಧಾರೂಢ ಕಾಕಾನ ದನಿ ಒಡೆಯಿತು. "ಅಲ್ಲೆ ತುಳೀಬ್ಯಾಡ್ರಿ. ಮಾದೇವಿ ಕಾಲ ಅದಾವ ಅಲ್ಲೆ."

ಊರುಗೋಲುಗಳು ಮೊದಲು ಹಿಂದೆ ಸರಿದವು, ಆಮೇಲೆ ಗಾಲಿಗಳು, ಆಮೇಲೆ ಉಳಿದವರು. ಆ ಉದ್ದ ಮಣ್ಣನ್ನು ಬಳಸಿಕೊಂಡು ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿ ಹೋಗತೊಡಗಿದರು. ಕೊನೆಯವನು ಹೋಗುವ ತನಕ ಕಾಕಾ ಕಾಲಿನ ತುದಿಯಲ್ಲೇ, ಎರಡೂ ತೋಳು ಚಾಚಿ ಅಡ್ಡ ನಿಂತಿದ್ದರು.